ಕೊರಿಯಾದ ಹುಳ, ನಮ್ಮ ಸೀಮೆ ಬೆರಕೆ ಸೊಪ್ಪು

ಶ್ರಾವಣದಲ್ಲಿ ಪರೀಕ್ಷೆ ಮುಗಿಸ್ಕೊಂಡು ನಮ್ಮ ತಂಗಿ ಮಗಳು ನಾಲ್ಕು ದಿನ ಇರೋಕೆ ಬಂದಿದ್ಲು. ಬಂದೋಳೇ ಬ್ಯಾಗಿಂದ ಐದಾರು ಕೊರಿಯಾ ನೂಡಲ್ಸ್ ಪ್ಯಾಕೆಟ್ ತೆಗೆದು ಒಲೆ ಪಕ್ಕ ಜೋಡಿಸಿದ್ಲು. ಈಗಿನ ಹುಡುಗೀರಿಗೆ ಕೊರಿಯಾ ಸೀರಿಯಲ್ಲು, ಕೊರಿಯಾ ಹಾಡು, ಕೊರಿಯಾ ಊಟ, ಎಲ್ಲಾ ಅದೇ. ನಿಮ್ಮ ಮನೇಲೂ ಇದೇ ಕತೆ ಇರಬೇಕು.

"ದೊಡ್ಡಮ್ಮಾ, ನಾನು ದುಡಿಯೋಕೆ ಹೋದ ಮೇಲೆ ಒಂದ್ಸಲ ಕೊರಿಯಾಕ್ಕೆ ಹೋಗ್ತೀನಿ. ಎಲ್ಲರೂ ತಿನ್ನೋ ಕಿಮ್ಚಿ ಬೇಡ. ಹೊರಗಿನೋರಿಗೆ ಗೊತ್ತಿಲ್ಲದ ಊಟ ಇರ್ತಾವಲ್ಲ, ಅದನ್ನ ಹುಡುಕ್ಕೊಂಡು ಊರೂರು ಸುತ್ತುತೀನಿ" ಅಂದ್ಲು. ಅದ್ಯಾವ ಊಟನಮ್ಮ ಅಂತ ಕೇಳಿದ್ದಕ್ಕೆ ಮೊದಲು ಹೇಳಿದ್ದೇ ಬೊಂದೆಗಿ. ಅಂದ್ರೆ ರೇಷ್ಮೆ ಹುಳ. ಗೂಡಿಂದ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯೋ ಹುಳನ ಬೇಯಿಸಿ, ಬೀದೀಲಿ ಕಾಗದದ ಲೋಟಕ್ಕೆ ಹಾಕಿ ಮಾರ್ತಾರೆ. ಅಂಗಡೀಲಿ ಡಬ್ಬದಲ್ಲೂ ಸಿಗುತ್ತೆ.

ಮನೇಲಿದ್ದೋರೆಲ್ಲ "ಥೂ" ಅಂದ್ರು. ನಾನೂ ಅಂದೆ. ಆಮೇಲೆ ಯೋಚನೆ ಬಂತು. ರೇಷ್ಮೆ ಹುಳ ನಮಗೇನು ಹೊಸದಾ? ನಮ್ಮ ತವರುಮನೇಲಿ ಹುಳ ಸಾಕ್ತಿದ್ರು. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಎದ್ದೆದ್ದು ಸೊಪ್ಪು ಹಾಕಬೇಕು. ಹುಳ ಸೊಪ್ಪು ಮೇಯೋ ಸದ್ದು ಮಾಳಿಗೆ ಮೇಲೆ ಸಣ್ಣ ಮಳೆ ಬಿದ್ದಂಗೆ ಕೇಳ್ತಿತ್ತು. ಹಣ್ಣಾದ ಹುಳನ ಆರಿಸಿ ಚಂದ್ರಿಕೆಗೆ ಬಿಡೋದು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕೋದು, ಎಲ್ಲಾ ಮಾಡಿದ್ದೀವಿ. ಟಿಪ್ಪು ಸುಲ್ತಾನನ ಕಾಲದಲ್ಲಿ, ಅಂದ್ರೆ 1780-90ರ ಸುಮಾರಿಗೆ, ಬಂಗಾಳದಿಂದ ಹುಳ ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆ ಶುರು ಮಾಡಿದ್ದು. ಅಲ್ಲಿಂದ ಎರಡು ನೂರು ವರ್ಷ ನಮ್ಮ ಕೋಲಾರ ಸೀಮೆ ಹೆಣ್ಣುಮಕ್ಕಳು ಆ ಹುಳನ ಮಕ್ಕಳಂಗೆ ಸಾಕಿದ್ದಾರೆ. ಆದರೆ ಬಾಯಿಗೆ ಇಟ್ಟಿಲ್ಲ. ಕೊರಿಯಾದೋರು ಇಟ್ಟರು. ಯಾಕೆ?

ಹುಡುಗಿ ಫೋನಲ್ಲಿ ಓದಿ ಓದಿ ಹೇಳಿದ್ಲು. ನಾನೂ ಮಧ್ಯಾಹ್ನ ಕೆಲಸ ಮುಗಿಸಿ ಕೂತು ಓದಿದೆ. ಕೊರಿಯಾ 1910ರಿಂದ 1945ರವರೆಗೆ ಜಪಾನಿನವರ ಕೈಲಿತ್ತು. ಅಲ್ಲಿ ಬೆಳೆದ ಅಕ್ಕಿ ಹಡಗಲ್ಲಿ ಜಪಾನಿಗೆ ಹೋಗ್ತಿತ್ತು. ಆಮೇಲೆ 1950ರಿಂದ 53ರವರೆಗೆ ಯುದ್ಧ. ಊರೆಲ್ಲ ಸುಟ್ಟುಹೋಗಿ ಜನ ತಿನ್ನೋಕಿಲ್ಲದೆ ನರಳಿದ್ರು. ಆಮೇಲಿನ ವರ್ಷಗಳಲ್ಲಿ ರೇಷ್ಮೆ ನೂಲು ತೆಗೆದು ಹೊರದೇಶಕ್ಕೆ ಕಳಿಸಿದ್ರು. ನೂಲು ಹೊರಗೆ ಹೋಯ್ತು, ಹುಳ ಊರಲ್ಲೇ ಉಳೀತು. ಅಗ್ಗದ್ದು, ಮೈಗೆ ಬಲ ಕೊಡೋದು. ಹಂಗಾಗಿ ಮಕ್ಕಳ ಕೈಗೆ ಬಂತು.

ಅವಳು ಹೇಳಿದ ಬೇರೆ ಊಟಗಳೂ ಇಂಥವೇ. ಗೊಂದ್ರೆ ಅಂತ ಒಂದು ಸೊಪ್ಪು, ಅಲ್ಲಿನ ಗುಡ್ಡಗಾಡಲ್ಲಿ ತಾನಾಗೇ ಬೆಳೆಯೋದು. ಹಿಡಿ ಅಕ್ಕಿ ಹತ್ತು ಜನಕ್ಕೆ ಸಾಲಲಿ ಅಂತ ಅನ್ನದ ಪಾತ್ರೆಗೆ ಆ ಸೊಪ್ಪನ್ನ ತುಂಬ್ತಿದ್ರು. ಓಕ್ ಮರದ ಕಾಯಿ ಬೀಸಿ, ನೀರಲ್ಲಿ ನೆನೆಹಾಕಿ ಒಗರು ತೆಗೆದು, ಕಾಯಿಸಿ ಗಟ್ಟಿ ಮಾಡಿ ಹೋಳು ಹಾಕಿ ತಿಂತಿದ್ರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರ ಪಾಳ್ಯದಿಂದ ಹೊರಗೆ ಬಂದ ಡಬ್ಬದ ಮಾಂಸಕ್ಕೆ ಖಾರ ಹಾಕಿ ಕುದಿಸಿದ್ರು. ಅದಕ್ಕೆ ಈಗಲೂ ಪಾಳ್ಯದ ಸಾರು ಅನ್ನೋ ಅರ್ಥದ ಹೆಸರೇ ಇದೆ, ಬುದೇ ಜಿಗೇ ಅಂತ. ಇವತ್ತು ಇವಕ್ಕೆಲ್ಲ ಬೋರ್ಡು ಹಾಕಿದ ಹೋಟ್ಲುಗಳಿವೆ. ಗೊಂದ್ರೆ ಅನ್ನ ತಿನ್ನೋಕೆ ಅಂತಲೇ ಪಟ್ಟಣದೋರು ಗಾಡಿ ಮಾಡ್ಕೊಂಡು ಬೆಟ್ಟದ ಊರಿಗೆ ಹೋಗ್ತಾರಂತೆ.

ಅಲ್ಲೊಂದು ಮಾತಿದೆ, ಬೊರಿತ್‌ಗೊಗೆ. ಬಾರ್ಲಿ ದಿಣ್ಣೆ ಅಂತ ಅರ್ಥ. ಹೋದ ಸುಗ್ಗಿಯ ಅಕ್ಕಿ ಮುಗಿದಿರುತ್ತೆ, ಹೊಸ ಬಾರ್ಲಿ ಇನ್ನೂ ಕಾಳು ಕಟ್ಟಿರಲ್ಲ. ನಡುವಿನ ಆ ತಿಂಗಳುಗಳನ್ನ ದಿಣ್ಣೆ ಹತ್ತಿ ಇಳಿದಂಗೆ ದಾಟಬೇಕು. ಆ ದಿಣ್ಣೆ ದಾಟಿಸ್ತಿದ್ದದ್ದೇ ಕಾಡು ಸೊಪ್ಪು.

ಇದನ್ನ ಓದಿದಾಗ ನನಗೆ ನಮ್ಮಜ್ಜಿ ಹೇಳ್ತಿದ್ದ "ಹಗೇವು ಬಗ್ಗಿ ನೋಡೋ ತಿಂಗಳು" ನೆನಪಾಯ್ತು. ರಾಗಿ ಕುಯ್ಲು ಆಗೋದು ಕಾರ್ತೀಕ ಮಾರ್ಗಶಿರದಲ್ಲಿ. ಒಕ್ಕಣೆ ಆಗಿ ಹಗೇವಿಗೆ ಬಿದ್ದ ರಾಗಿ ಆಷಾಢ ಶ್ರಾವಣಕ್ಕೆ ತಳ ಕಾಣ್ತಿತ್ತು. ಬಡವರ ಮನೇಲಿ ಅದಕ್ಕೂ ಮುಂಚೆ. ಹೊಸ ರಾಗಿ ಹೊಲದಲ್ಲಿ ಆಗತಾನೆ ಗೇಣುದ್ದ ಎದ್ದಿರೋದು. ನಮ್ಮ ದಿಣ್ಣೆ ಅದೇ ಕಣ್ರಮ್ಮ. ಮುಂಗಾರು ಮಳೆ ಬಿದ್ದು ಹೊಲದಲ್ಲಿ ಬದುವಲ್ಲಿ ಸೊಪ್ಪು ಏಳೋದೂ ಸರಿಯಾಗಿ ಆ ತಿಂಗಳುಗಳಲ್ಲೇ. ರಾಗಿ ಹೊಲದ ಕಳೆ ಕೀಳೋಕೆ ಹೋದ ಹೆಂಗಸರು ಕೂಲಿ ಜೊತೆಗೆ ಮಡಿಲು ತುಂಬ ಅಣ್ಣೆ ಸೊಪ್ಪು ತರೋರು. ಹೊಲಕ್ಕೆ ಕಳೆ, ಮನೆಗೆ ಸಾರು.

ಹಂಗಂದ್ಮೇಲೆ ನಾನು ಹುಡುಗಿಗೆ ಹೇಳಿದೆ: "ಕೊರಿಯಾ ಆಮೇಲೆ ನೋಡೋಣ. ಆ ದೇಶದ ಹುಡುಗಿ ಯಾರಾದ್ರೂ ಹಿಂಗೇ ನಮ್ಮ ಕಡೆ ಬಂದು, ಹೊರಗಿನೋರಿಗೆ ಗೊತ್ತಿಲ್ಲದ ಊಟ ಇಕ್ಕಿ ಅಂದ್ರೆ ಏನು ಇಕ್ಕುತೀಯ?" ಯೋಚನೇನೇ ಮಾಡಲಿಲ್ಲ, "ಮುಳಬಾಗಿಲು ದೋಸೆ" ಅಂದ್ಲು.

ದೋಸೆ ಮೇಲೆ ನನಗೇನೂ ಕೋಪ ಇಲ್ಲ. ಗಾತ್ರದಲ್ಲಿ ಸಣ್ಣದು, ದಪ್ಪ, ತಳ ಗರಿಗರಿ, ಮೇಲೆ ಮೆತ್ತಗೆ, ತುಪ್ಪ ಸುರಿದು ಬೇಯಿಸಿದ್ದು, ಜೊತೆಗೆ ಆಲೂಗಡ್ಡೆ ಪಲ್ಯ. ಯಾರು ಬೇಡ ಅಂತಾರೆ? ಬೆಂಗಳೂರಿನ ಗಲ್ಲಿಗಲ್ಲೀಲೂ ಆ ಹೆಸರಿನ ಬೋರ್ಡು ನೋಡಿದ್ರೆ ನಮಗೂ ಹೆಮ್ಮೆನೇ. ಆದರೆ ನಮ್ಮ ಹಳೆ ಮನೆಗಳಲ್ಲಿ ದೋಸೆ ಅಂದ್ರೆ ಹಬ್ಬ, ಇಲ್ಲಾಂದ್ರೆ ನೆಂಟರು. ನದಿ ಇಲ್ಲದ ಸೀಮೆ ನಮ್ಮದು. ಇರೋ ಪಾಲಾರೂ ಮಳೆಗಾಲದ ನೀರು. ಕೆರೆ ತುಂಬಿದ ವರ್ಷ ಕೆರೆ ಕೆಳಗಿನ ಗದ್ದೇಲಿ ಭತ್ತ, ಇಲ್ಲಾಂದ್ರೆ ಇಲ್ಲ. ದಿನಾ ಹೊಟ್ಟೆ ತುಂಬಿಸಿದ್ದು ಹೊಲದ ರಾಗಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಬುಕಾನನ್ ಅನ್ನೋ ಬ್ರಿಟಿಷ್ ವೈದ್ಯ ಮದ್ರಾಸಿಂದ ಹೊರಟು ನಮ್ಮ ಸೀಮೆ ಹಾದು ಮೈಸೂರು ದೇಶವೆಲ್ಲ ಸುತ್ತಿದ. 1807ರಲ್ಲಿ ಅವನ ಪುಸ್ತಕ ಅಚ್ಚಾಯ್ತು. ಜನ ಏನು ಬೆಳೀತಾರೆ, ಏನು ತಿಂತಾರೆ ಅಂತ ಕೇಳಿ ಕೇಳಿ ಬರೆದವನು ಅವನು. ಅದರಲ್ಲಿ ಎದ್ದು ಕಾಣೋದು ರಾಗಿ, ರಾಗಿ ಸಾಲಿನ ನಡುವೆ ಹಾಕೋ ಅವರೆ, ತೊಗರಿ. ನಾವು ವರ್ಷಕ್ಕೆ ನಾಲ್ಕು ದಿನ ತಿಂದಿದ್ದಕ್ಕೆ ಇವತ್ತು ಬೋರ್ಡು ಬಿದ್ದಿದೆ. ವರ್ಷವೆಲ್ಲ ತಿಂದಿದ್ದಕ್ಕೆ ಬೋರ್ಡೇ ಇಲ್ಲ.

ಬರೀ ಹಸಿವು ಅಂದ್ರೂ ಸಾಲದು, ನಮ್ಮ ಕಡೆ ಬರ ಅಂದ್ರೆ ಏನು ಅಂತ ಹೇಳಬೇಕು. ಹಿರಿಯರು ಧಾತು ಈಶ್ವರದ ಬರ ಅಂತಿದ್ದದ್ದು ಇದನ್ನೇ. ಧಾತು ಸಂವತ್ಸರ, ಈಶ್ವರ ಸಂವತ್ಸರ, 1876ರಿಂದ 78. ಎರಡು ವರ್ಷ ಒಂದೇ ಸಮ ಮಳೆ ಕೈಕೊಡ್ತು. 1871ರ ಜನಗಣತೀಲಿ ಮೈಸೂರು ರಾಜ್ಯದಲ್ಲಿ 50 ಲಕ್ಷ ಜನ. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಿತ್ತು. 1881ರಲ್ಲಿ ಎಣಿಸಿದ್ರೆ 42 ಲಕ್ಷದ ಹತ್ತಿರ. ಮಾಲೂರಿನ ಮೇಲೆ 1864ರಲ್ಲೇ ರೈಲು ಬಂದಿತ್ತು. ಬರದಲ್ಲಿ ಮದ್ರಾಸಿಂದ ಅಕ್ಕಿ ಮೂಟೆ ಅದೇ ಹಳಿ ಮೇಲೆ ಬೆಂಗಳೂರಿಗೆ ಹೋದ್ವು. ಹಳಿ ಪಕ್ಕದ ಹಳ್ಳಿಯೋರು ನಿಂತು ನೋಡಿರಬೇಕು. ಅಕ್ಕಿ ಇತ್ತು, ಕೊಳ್ಳೋಕೆ ಕೈಲಿ ಕಾಸಿರಲಿಲ್ಲ. ಆಗ ಬದುಕಿದೋರು ಬದುಕಿದ್ದು ಬೇರು, ಕಾಯಿ, ಸೊಪ್ಪು, ಮಾವಿನ ಓಟೆಯೊಳಗಿನ ಬೀಜ, ಇಂಥವು ತಿಂದು ಅಂತ ನಮ್ಮಜ್ಜಿ ಅವರಜ್ಜಿ ಬಾಯಲ್ಲಿ ಕೇಳಿದ್ದು. ಯಾವ ಸೊಪ್ಪು ತಿನ್ನಬಹುದು, ಯಾವುದನ್ನ ಎರಡು ನೀರು ಬಸಿದು ಆಮೇಲೆ ತಿನ್ನಬೇಕು, ಯಾವುದನ್ನ ಮುಟ್ಟಬಾರದು, ಈ ವಿದ್ಯೆನ ಯಾರೂ ಬರೆದಿಡಲಿಲ್ಲ. ಹೆಂಗಸರು ಕೈಯಿಂದ ಕೈಗೆ ದಾಟಿಸಿದ್ರು.

ನಾನೂ ಒಂದು ಹಸಿವಿನ ಊಟ ತಿಂದವಳೇ. ಎಪ್ಪತ್ತರ ದಶಕದಲ್ಲಿ ಸ್ಕೂಲಲ್ಲಿ ಕೊಡ್ತಿದ್ದ ಅಮೆರಿಕದ ರವೆ ಉಪ್ಪಿಟ್ಟು ನಿಮಗೂ ನೆನಪಿರಬೇಕು. ಕೇರ್ ಉಪ್ಪಿಟ್ಟು ಅಂತಿದ್ವಿ. ಮುತ್ತುಗದೆಲೆ ಹಿಡ್ಕೊಂಡು ಸಾಲಲ್ಲಿ ಕೂರೋದು. ಕೊರಿಯಾದ ಪಾಳ್ಯದ ಸಾರಿನ ಕತೆ ಓದಿದಾಗ ಅದರ ವಾಸನೆ ಮೂಗಿಗೆ ಬಂತು.

ಮಾರನೇ ದಿನದಿಂದ ನಾವಿಬ್ಬರೂ ಬಸ್ಸು ಹತ್ತಿದ್ವಿ. ಮೊದಲು ಕೋಲಾರದ ಮಾರ್ಕೆಟ್ಟು. ದಂಟು, ಪಾಲಕ್, ಮೆಂತ್ಯ ಕಟ್ಟು ಕಟ್ಟಾಗಿ ಎಲ್ಲರತ್ರಾನೂ ಇತ್ತು. ಬೆರಕೆ ಸೊಪ್ಪು ಕೇಳಿದ್ರೆ ನಕ್ಕರು. ಕೊನೇಲಿ ಒಬ್ಬ ಅಜ್ಜಿ ಗೋಣಿಚೀಲ ಹಾಸ್ಕೊಂಡು ಎರಡು ಗುಡ್ಡೆ ಇಟ್ಕೊಂಡು ಕೂತಿದ್ಲು. ಹೆಸರು ಕೇಳಿದ್ರೆ ಅರ್ಧ ಕನ್ನಡ, ಅರ್ಧ ತೆಲುಗು. ಗಣಿಕೆನ ಕಾಮಂಚಿ ಅಂದ್ಲು, ಹೊನಗೊನ್ನೆನ ಪೊನ್ನಗಂಟಿ ಅಂದ್ಲು, ಒಟ್ಟಿಗೆ ಇವಕ್ಕೆ ಕಲಗೂರ ಅಂದ್ಲು. ನಮ್ಮ ಸೀಮೆ ಅಂದ್ರೆ ಹಂಗೇ ಅಲ್ವಾ, ಎರಡು ಭಾಷೆ ಒಂದೇ ಮಡಕೇಲಿ ಬೇಯುತ್ತೆ.

ಮಾಲೂರಲ್ಲಿ ನಮ್ಮತ್ತಿಗೆ ಮನೆ. ಅವರ ಮಾವನ ಕಾಲದಲ್ಲಿ ಎರಡು ಜೊತೆ ಎತ್ತಿದ್ವು. ದಿನಾ ಎತ್ತಿಗೆ ಹುರುಳಿ ಬೇಯಿಸೋರು. ಕಾಳು ಎತ್ತಿಗೆ, ಬೆಂದ ನೀರು ಮನೆಯೋರಿಗೆ. ಆ ಕಟ್ಟನ್ನ ಒಲೆ ಮೇಲೆ ಬತ್ತಿಸಿ, ಹುಣಸೆಹಣ್ಣು, ಬೆಳ್ಳುಳ್ಳಿ, ಮೆಣಸು ಹಾಕಿದ್ರೆ ಹುರುಳಿಕಟ್ಟಿನ ಸಾರು. ಎತ್ತು ಹೋಗಿ ಟ್ರಾಕ್ಟರು ಬಂತು, ಕಟ್ಟಿನ ಸಾರೂ ಹೋಯ್ತು. ಅದೇ ಸಾರನ್ನ ಆಂಧ್ರದೋರು ಉಲವಚಾರು ಅಂತ ಬಾಟಲೀಲಿ ತುಂಬಿ ಮಾರ್ತಿದ್ದಾರೆ, ಮದುವೆ ಊಟದಲ್ಲಿ ಕೆನೆ ಹಾಕಿ ಬಡಿಸ್ತಾರೆ. ಅತ್ತಿಗೆ ನಮಗೋಸ್ಕರ ಕುಕ್ಕರಲ್ಲಿ ಹುರುಳಿ ಕೂಗಿಸಿ ಮಾಡಿದ್ರು. ಚೆನ್ನಾಗಿತ್ತು. "ದೊಡ್ಡ ಹಂಡೇಲಿ ರಾತ್ರಿಯೆಲ್ಲ ಬೆಂದ ರುಚಿ ಇದಕ್ಕೆಲ್ಲಿ ಬರುತ್ತೆ" ಅಂತ ಅವರೇ ಅಂದ್ರು.

ಮುಳಬಾಗಿಲಲ್ಲಿ ಮೊದಲು ದೋಸೆ ತಿಂದ್ವಿ, ಸುಳ್ಳು ಯಾಕೆ ಹೇಳಲಿ. ಆಂಜನೇಯಸ್ವಾಮಿ ಗುಡಿಗೆ ಹೋಗಿ ಕೈಮುಗಿದು, ಅಲ್ಲಿಂದ ಆವಣಿ ಕಡೆ ಹೋದ್ವಿ. ಬೆಟ್ಟದ ಸುತ್ತ ಬದುಗಳ ಮೇಲೆ ಸೊಪ್ಪು ಕಿತ್ತು ಒಂದು ಟವೆಲ್ಲಿಗೆ ಕಟ್ಕೊಂಡ್ವಿ. ನನಗೆ ಗೊತ್ತು ಅನ್ನೋ ಜಂಬದಲ್ಲೇ ಕಿತ್ತಿದ್ದು.

ಜಂಬ ಇಳಿದಿದ್ದು ಶ್ರೀನಿವಾಸಪುರದ ಹತ್ತಿರ ನಮ್ಮ ಚಿಕ್ಕಮ್ಮನ ಮನೇಲಿ. ಸುತ್ತ ಮಾವಿನ ತೋಟ. ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ, ಎರಡು ಕಣ್ಣೂ ಮಂಜು. ಟವೆಲ್ಲು ಬಿಚ್ಚಿ ಮೊರದಲ್ಲಿ ಸೊಪ್ಪು ಬೇರೆ ಬೇರೆ ಮಾಡಿಟ್ಟೆ. ಹನ್ನೊಂದು ತರ ಇತ್ತು. ನನಗೆ ಹೆಸರು ಗೊತ್ತಿದ್ದದ್ದು ಆರು: ಅಣ್ಣೆ, ಗೋಣಿ, ಕನ್ನೆ, ಗಣಿಕೆ, ಹೊನಗೊನ್ನೆ, ಮುಳ್ಳುಕೀರೆ. ಚಿಕ್ಕಮ್ಮ ಒಂದೊಂದೇ ಎಲೆ ಕೈಗೆ ತಗೊಂಡು, ಬೆರಳಲ್ಲಿ ತಡವಿ, ಹಿಸುಕಿ, ಮೂಗಿಗೆ ಹಿಡಿದು ಹೆಸರು ಹೇಳಿದ್ರು. ಒಂದನ್ನ ಮಾತ್ರ ಆಚೆ ಎಸೆದ್ರು. "ಇದನ್ನ ಯಾಕೇ ತಂದೆ, ಹೊಟ್ಟೆ ನುಲಿಯುತ್ತೆ" ಅಂತ ಬೈದ್ರು. ಆಮೇಲೆ ಮೊರವೆಲ್ಲ ಒಂದ್ಸಲ ಸವರಿ, "ಚೆಂಚಲಿ ಎಲ್ಲಿ? ದೊಗ್ಗಲಿ ಎಲ್ಲಿ?" ಅಂತ ಕೇಳಿದ್ರು. ಸಿಗಲಿಲ್ಲ ಚಿಕ್ಕಮ್ಮ ಅಂದೆ. ಸಿಗದೆ ಏನು, ಹೊಲದ ತುಂಬ ಬಿದ್ದಿರುತ್ತೆ ಅಂದ್ರು. ಅವರು ಹೊಲಕ್ಕೆ ಹೋಗಿ ಹತ್ತು ವರ್ಷ ಆಗಿದೆ.

ಹೊಲ ಹಂಗಿಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಎಂಬತ್ತರ ದಶಕದಲ್ಲಿ ರಾಗಿ ಹೊಲಗಳಿಗೆಲ್ಲ ನೀಲಗಿರಿ ಬಂತು. ಕೂಲಿ ಬೇಡ, ಕಾವಲು ಬೇಡ, ಕಡಿದಾಗ ದುಡ್ಡು. ಅದರ ನೆರಳಲ್ಲಿ ಸೊಪ್ಪು ಏಳಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಮಾಡೋ ಹೊತ್ತಿಗೆ ಒಂದು ತಲೆಮಾರು ದಾಟಿತ್ತು. ಆಮೇಲೆ ಬೋರ್‌ವೆಲ್ಲು, ಟೊಮೆಟೊ, ಸಾಲಿಗೆ ಪ್ಲಾಸ್ಟಿಕ್ ಹಾಳೆ. ರಾಗಿ ಉಳಿದಿರೋ ಹೊಲದಲ್ಲೂ ಈಗ ಕಳೆ ಔಷಧಿ. ಒಂದು ಡಬ್ಬ ಹೊಡೆದ್ರೆ ಹತ್ತು ಹೆಂಗಸರ ಕೂಲಿ ಉಳಿಯುತ್ತೆ ಅಂತಾರೆ ರೈತರು. ಅವರದ್ದೂ ತಪ್ಪಲ್ಲ, ಕೂಲಿಯೋರೇ ಸಿಗಲ್ಲ. ಆದರೆ ಆ ಹತ್ತು ಹೆಂಗಸರ ಮಡಿಲಲ್ಲಿ ಮನೆಗೆ ಬರ್ತಿದ್ದ ಸಾರು ಯಾರ ಲೆಕ್ಕದಲ್ಲೂ ಇಲ್ಲ.

ಬರೀ ಹೊಲದ ತಪ್ಪೂ ಅಲ್ಲ. ನಮ್ಮದೂ ಇದೆ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮಕ್ಕನ ನೋಡೋಕೆ ಬೆಂಗಳೂರಿಂದ ಗಂಡಿನ ಕಡೆಯೋರು ಬಂದ್ರು. ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಬಂದುಬಿಟ್ರು. ಒಲೆ ಮೇಲೆ ಅಣ್ಣೆ ಸೊಪ್ಪಿನ ಬಸ್ಸಾರು ಕುದೀತಿತ್ತು. ಅಮ್ಮ ಗಾಬರಿಯಾಗಿ ಮಡಕೆನ ಹಂಗೇ ಎತ್ತಿ ಹಿತ್ತಲ ಬಚ್ಚಲ ಹಿಂದೆ ಇಟ್ಟು, ನನ್ನ ಪಕ್ಕದ ಮನೆಗೆ ಎರಡು ಸೇರು ಅಕ್ಕಿ ಸಾಲ ತರೋಕೆ ಕಳಿಸಿದ್ರು. ಸೊಪ್ಪು ಸಾರು ಕಂಡ್ರೆ ಇವರ ಮನೇಲಿ ಬೇಳೆಗೂ ಗತಿ ಇಲ್ಲ ಅಂದ್ಕೊಳ್ತಾರೆ ಅಂತ ಭಯ. ಬಂದೋರು ಅನ್ನ ಸಾರು ಉಂಡು ಹೋದ್ರು. ಸಂಬಂಧ ಕೂಡಲಿಲ್ಲ. ರಾತ್ರಿ ನಾವೆಲ್ಲ ಆ ಸಾರು ಕಾಯಿಸ್ಕೊಂಡು ಮುದ್ದೆ ಉಂಡ್ವಿ. ಅಮ್ಮ ಉಣ್ಣಲಿಲ್ಲ. ನಾನು ಮದುವೆಯಾಗಿ ಬಂದ ಮೇಲೆ ಅದನ್ನೇ ಮಾಡಿದೆ. ಬೆರಕೆ ಸೊಪ್ಪನ್ನ ಅಡುಗೆಮನೆ ಒಳಗೆ ಇಟ್ಕೊಂಡೆ, ನೆಂಟರಿಗೆ ಇಕ್ಕಲಿಲ್ಲ, ಮಕ್ಕಳಿಗೆ ಹೆಸರು ಹೇಳಿಕೊಡಲಿಲ್ಲ. ಚಿಕ್ಕಮ್ಮನ ಮುಂದೆ ಐದು ಎಲೆ ಹೆಸರು ಬರದೆ ಕೂತಾಗ ನಾಚಿಕೆ ಆಗಿದ್ದು ಅದಕ್ಕೇ.

ಕೊರಿಯಾದೋರೂ ಒಂದು ಕಾಲಕ್ಕೆ ನಾಚಿಕೊಂಡೇ ಇರಬೇಕು. ಆದರೆ ಅವರು ಬಡತನದ ಊಟಾನ ಇದು ನಮ್ಮ ಊಟ ಅಂತ ತಟ್ಟೇಲಿಟ್ಟು ಹೊರಗೆ ತಂದ್ರು. ಮನೆಯೋರೆಲ್ಲ ಕೂಡಿ ಚಳಿಗಾಲಕ್ಕೆ ಕಿಮ್ಚಿ ಹಾಕಿಡೋ ಅವರ ಪದ್ಧತಿ 2013ರಲ್ಲಿ ಯುನೆಸ್ಕೋ ಪಟ್ಟೀಲಿ ಸೇರ್ತು. ಅದೂ ಹೆಂಗಸರು ಅತ್ತೆಯಿಂದ ಸೊಸೆಗೆ ಕಲಿಸಿದ ವಿದ್ಯೆನೇ.

ಅವತ್ತು ಚಿಕ್ಕಮ್ಮ ಹೇಳಿದಂಗೆ ನಮ್ಮ ಹುಡುಗಿ ಮಾಡಿದ್ಲು. ಸೊಪ್ಪನ್ನ ಮೂರು ನೀರಲ್ಲಿ ತೊಳೆದು, ತೊಗರಿಬೇಳೆ ಅರೆಬೆಂದ ಮೇಲೆ ಹಾಕಿ ಬೇಯಿಸಿ, ಕಟ್ಟು ಬಸಿದು ಇಡೋದು. ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಕಾಯಿ, ಒಂದು ಹಿಡಿ ಬೆಂದ ಸೊಪ್ಪು, ಎಲ್ಲ ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸೋದು. ಹುಳಿಗೆ ಚಿಕ್ಕಮ್ಮ ಹುಣಸೆಹಣ್ಣಿನ ಬದಲು ಡಬ್ಬದಿಂದ ಒಣಗಿಸಿದ ಮಾವಿನಕಾಯಿ ಹೋಳು ತೆಗೆದುಕೊಟ್ರು. ಗಾಳಿಮಳೆಗೆ ಉದುರಿದ ಕಾಯಿ, ಮಂಡಿಗೆ ಹಾಕೋಕೆ ಬಾರದ್ದು. ಅದನ್ನೂ ಬಿಸಾಕಬಾರದು ಅಂತ ಹೆಚ್ಚಿ ಉಪ್ಪು ಸವರಿ ಒಣಗಿಸಿಟ್ಟಿರ್ತಾರೆ. ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಹಾಕಿದ್ರೆ ಪಲ್ಯ. ಮುದ್ದೆ ನಾನು ತೊಳಸಿದೆ. ಹುಡುಗಿ ಎರಡು ಸಲ ಸಾರು ಹಾಕಿಸ್ಕೊಂಡ್ಲು. ಹೊರಡುವಾಗ ಚಿಕ್ಕಮ್ಮನ ಕೈಗೆ ಒಂದೊಂದೇ ಎಲೆ ಕೊಟ್ಟು, ಹೆಸರು ಹೇಳಿಸಿ, ಫೋನಲ್ಲಿ ತುಂಬ್ಕೊಂಡ್ಲು.

ಅಕ್ಕಂದಿರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇನ್ನು ಮೇಲೆ ನೆಂಟರ ಊರಿಗೆ ಹೋದಾಗ, ಜಾತ್ರೆಗೆ ಹೋದಾಗ, ಅಲ್ಲಿನ ಹಿರಿಯರನ್ನ "ನೀವು ಚಿಕ್ಕೋರಿದ್ದಾಗ ಆಷಾಢದಲ್ಲಿ ಏನು ತಿಂತಿದ್ರಿ" ಅಂತ ಕೇಳಿ. ಮೊದಲು "ಅಯ್ಯೋ, ಏನೋ ತಿಂತಿದ್ವಿ ಬಿಡಮ್ಮ" ಅಂತಾರೆ. ಬಿಡಬೇಡಿ, ಇನ್ನೊಂದ್ಸಲ ಕೇಳಿ. ಸೊಪ್ಪು ಗೊತ್ತಿರೋರು ಜೊತೇಲಿ ಇಲ್ಲದೆ ಕೀಳಬೇಡಿ, ಔಷಧಿ ಹೊಡೆದ ಹೊಲದಲ್ಲಿ, ರಸ್ತೆ ಚರಂಡಿ ಪಕ್ಕದಲ್ಲಿ ಕೀಳಲೇಬೇಡಿ. ಚೆಂಚಲಿ, ದೊಗ್ಗಲಿ ನಿಮ್ಮ ಹೊಲದ ಬದುವಲ್ಲಿ ಇನ್ನೂ ಇದ್ರೆ ನನಗೆ ಹೇಳಿ ಕಳಿಸಿ. ಬಸ್ಸು ಹತ್ತಿ ನಾನೇ ಬರ್ತೀನಿ. ಚಿಕ್ಕಮ್ಮನ ಕೈಗೆ ಒಂದ್ಸಲ ಅದನ್ನ ಕೊಡಬೇಕು.